ಯುದ್ಧಕಾಲದ ರಿಚ್‌ಮಂಡ್: ಮಳೆ, ಕೆಸರು, ಉಪ್ಪು, ಸೌದೆ – ಪದೇ ಪದೇ ಕೇಳುವ ಪ್ರಶ್ನೆಗಳು

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ರಾಜಧಾನಿಯಾಗಿದ್ದ ನಗರ ರಿಚ್‌ಮಂಡ್. ಅಲ್ಲಿನ ಹವೆ ಮತ್ತು ದಿನನಿತ್ಯದ ಬದುಕಿನ ಬಗ್ಗೆ ಮಾತಿನ ನಡುವೆಯೂ ಪತ್ರಗಳಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಸೇನಾಪತಿಗಳ ಕಥೆ ಬೇಕಾದವರಿಗೆ ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ. ಇಲ್ಲಿರುವುದು ಸಂತೆಗೆ ಗಾಡಿ ಬಂತೋ ಇಲ್ಲವೋ ಎಂಬ ವಿಚಾರ.

## ಊರು ಮತ್ತು ಹವೆ

ರಿಚ್‌ಮಂಡ್ ಎಲ್ಲಿದೆ? ದಕ್ಷಿಣ ಅಂತಾರೆ, ಹಾಗಾದರೆ ಸೆಕೆ ಊರಾ?

ವರ್ಜೀನಿಯಾ ರಾಜ್ಯದಲ್ಲಿ, ಜೇಮ್ಸ್ ನದಿಯ ದಂಡೆಯಲ್ಲಿದೆ. ಉತ್ತರದವರ ರಾಜಧಾನಿ ವಾಷಿಂಗ್ಟನ್‌ನಿಂದ ಸುಮಾರು 160 ಕಿಲೋಮೀಟರ್ ಅಷ್ಟೇ. ಎರಡು ಶತ್ರು ರಾಜಧಾನಿಗಳು ಇಷ್ಟು ಹತ್ತಿರ ಇದ್ದವು ಅನ್ನುವುದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದಿನದು ಸುಲಭವಾಗುತ್ತದೆ. ಅಕ್ಷಾಂಶ ಮೂವತ್ತೇಳೂವರೆ ಡಿಗ್ರಿ ಉತ್ತರ, ಅಂದರೆ ಶ್ರೀನಗರಕ್ಕಿಂತಲೂ ಮೇಲೆ. ಬೇಸಿಗೆಯಲ್ಲಿ ಮಧ್ಯಾಹ್ನ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಜೊತೆಗೆ ಮಂಗಳೂರಿನ ಮೇ ತಿಂಗಳಂಥ ಅಂಟು ಸೆಕೆ. ಜನವರಿಯ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುವುದು ಮಾಮೂಲು. ಹಿಮ ಬೀಳುತ್ತದೆ, ಆದರೆ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಬೀಳುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಊರಿನ ತೊಂದರೆಗಳ ಅರ್ಧ ಈ ಕರಗುವುದರಲ್ಲೇ ಇತ್ತು.

1860ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 38,000. ಅದರಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿ ಗುಲಾಮಗಿರಿಯಲ್ಲಿದ್ದವರು. 1861ರ ಮೇ ತಿಂಗಳಲ್ಲಿ ಕನ್ಫೆಡರೇಟ್ ಸರ್ಕಾರ, ಅಂದರೆ ದಕ್ಷಿಣದವರ ಸರ್ಕಾರ, ಇಲ್ಲಿಗೆ ಬಂದ ಮೇಲೆ ಗುಮಾಸ್ತರು, ಸೈನಿಕರು, ಗಾಯಾಳುಗಳು, ಕೈದಿಗಳು, ಊರು ಬಿಟ್ಟು ಬಂದವರು ಎಲ್ಲ ಸೇರಿ ಜನಸಂಖ್ಯೆ ಲಕ್ಷ ದಾಟಿತು ಎಂಬ ಅಂದಾಜಿದೆ. ಬಾವಿ, ಸಂತೆ, ಸೌದೆ ಅಡ್ಡೆ ಮಾತ್ರ ಹಳೆಯವೇ.

ಅಲ್ಲಿ ನಮ್ಮ ಹಾಗೆ ಮಳೆಗಾಲ ಅಂತ ಇಲ್ವಾ?

ಇಲ್ಲ. ವರ್ಷಕ್ಕೆ ಸುಮಾರು 1,100 ಮಿಲಿಮೀಟರ್ ಮಳೆ ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬೀಳುತ್ತದೆ. ಬೇಸಿಗೆಯಲ್ಲಿ ಸಂಜೆಯ ಗುಡುಗು ಮಳೆ, ಚಳಿಗಾಲದಲ್ಲಿ ಎರಡು ಮೂರು ದಿನ ಬಿಡದ ಜಿಟಿಜಿಟಿ. ಎರಡನೆಯದೇ ಹೆಚ್ಚು ಕಾಟ ಕೊಡುವುದು: ಬಿಸಿಲಿಲ್ಲದ ಕಾರಣ ನೆಲ ಒಣಗುವುದೇ ಇಲ್ಲ. ಜೆಫರ್ಸನ್ ಡೇವಿಸ್ ಕನ್ಫೆಡರೇಟ್ ಅಧ್ಯಕ್ಷರಾಗಿ ಪ್ರಮಾಣ ವಚನ ತೆಗೆದುಕೊಂಡ 1862ರ ಫೆಬ್ರುವರಿ 22ರಂದು ಇಂಥದೇ ಮಳೆ ಸುರಿಯುತ್ತಿತ್ತು. ಕ್ಯಾಪಿಟಲ್ ಚೌಕದಲ್ಲಿ ಜನ ಕೊಡೆ ಹಿಡಿದು ನಿಂತಿದ್ದರು.

ಆ ಕಾಲದ ಉಷ್ಣತೆ ಈಗ ಹೇಗೆ ಗೊತ್ತಾಗುತ್ತೆ? ಯಾರು ಬರೆದಿಟ್ಟಿದ್ದರು?

ಯುದ್ಧಕ್ಕೆ ಮುಂಚೆ ಸ್ಮಿತ್‌ಸೋನಿಯನ್ ಸಂಸ್ಥೆಯ ಜೋಸೆಫ್ ಹೆನ್ರಿ ದೇಶದ ಉದ್ದಗಲ ಸ್ವಯಂಸೇವಕರ ಜಾಲ ಕಟ್ಟಿದ್ದರು. ಶಾಲಾ ಮಾಸ್ತರರು, ವೈದ್ಯರು, ಪಾದ್ರಿಗಳು, ರೈತರು ಬೆಳಿಗ್ಗೆ 7, ಮಧ್ಯಾಹ್ನ 2, ರಾತ್ರಿ 9ಕ್ಕೆ ಅಳತೆ ಬರೆದು ಕಳಿಸುತ್ತಿದ್ದರು. ಯುದ್ಧ ಶುರುವಾದೊಡನೆ ದಕ್ಷಿಣದಿಂದ ಅಂಚೆ ನಿಂತಿತು, ತಂತಿ ಸೈನ್ಯದ ಪಾಲಾಯಿತು, ಜಾಲ ಹರಿಯಿತು. ಹಾಗಾಗಿ ವರ್ಜೀನಿಯಾದ ಬಗ್ಗೆ ಕೆಲಸ ಮಾಡುವವರು ವಾಷಿಂಗ್ಟನ್ ಪಕ್ಕದ ಜಾರ್ಜ್‌ಟೌನ್‌ನಲ್ಲಿ ತಪ್ಪದೆ ಬರೆದಿಟ್ಟ ಅಂಕಿಗಳನ್ನು ಆಧಾರವಾಗಿ ಹಿಡಿದು, ರಿಚ್‌ಮಂಡ್‌ನವರ ಡೈರಿ, ಸೈನಿಕರ ಕಾಗದ, ಪತ್ರಿಕೆಗಳ ಜೊತೆ ಹೊಂದಿಸಿ ನೋಡುತ್ತಾರೆ. ರಿಚ್‌ಮಂಡ್ ಸಾಮಾನ್ಯವಾಗಿ ಜಾರ್ಜ್‌ಟೌನ್‌ಗಿಂತ ಸ್ವಲ್ಪ ಬೆಚ್ಚಗೆ.

ಈ ಅಂಕಿಗಳನ್ನು ಬಳಸುವಾಗ ಎರಡು ಎಚ್ಚರಿಕೆ. ಮಧ್ಯಾಹ್ನ 2ರ ಅಂಕಿ ಆ ದಿನದ ಗರಿಷ್ಠ ಅಲ್ಲ; ಬೇಸಿಗೆಯಲ್ಲಿ ಗರಿಷ್ಠ ಅದಕ್ಕಿಂತ ತಡವಾಗಿ ಬರುತ್ತದೆ. ಬೆಳಿಗ್ಗೆ 7ರದ್ದು ಕನಿಷ್ಠವೂ ಅಲ್ಲ. ದಿನದ ಸರಾಸರಿ ಬೇಕಿದ್ದರೆ ಮೂರನ್ನು ಕೂಡಿ ಮೂರರಿಂದ ಭಾಗಿಸಬೇಡಿ. ರಾತ್ರಿ 9ರ ಅಂಕಿಯನ್ನು ಎರಡು ಸಲ ಸೇರಿಸಿ ನಾಲ್ಕರಿಂದ ಭಾಗಿಸಿದರೆ ನಿಜಕ್ಕೆ ಹತ್ತಿರ ಬರುತ್ತದೆ.

ಡೈರಿಯಲ್ಲಿ "ಥರ್ಮಾಮೀಟರ್ 96" ಅಂತ ಇದೆ. ಮನುಷ್ಯರು ಬದುಕಿದ್ದರಾ?

ಅದು ಫ್ಯಾರನ್‌ಹೀಟ್. 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿ: 35.6 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಎಲ್ಲಿ ತೂಗುಹಾಕಿದ್ದರು ಅನ್ನುವುದನ್ನೂ ನೋಡಬೇಕು. ಇಟ್ಟಿಗೆ ಗೋಡೆಗೆ ಒರಗಿದ ವರಾಂಡದಲ್ಲಿದ್ದರೆ ಗೋಡೆಯ ಕಾವೂ ಅಂಕಿಯಲ್ಲಿ ಸೇರಿಕೊಳ್ಳುತ್ತದೆ.

## ಸಂತೆ, ಅಡುಗೆಮನೆ, ಒಲೆ

ಸುತ್ತ ಎಲ್ಲ ಹೊಲಗದ್ದೆ. ಹಾಗಿದ್ದೂ ಒಂದು ವಾರ ಮಳೆ ಬಂದರೆ ಊರಿಗೆ ಊಟ ಇಲ್ಲ ಅಂದರೆ ಹೇಗೆ?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದವಕ್ಕೆ ತಾನಾಗಿ ಸಿಗುತ್ತದೆ. ರಿಚ್‌ಮಂಡ್‌ನಲ್ಲಿ ಧಾನ್ಯವೇ ಇರಲಿಲ್ಲ ಎನ್ನುವ ಮಾತು ಪೂರ್ತಿ ನಿಜವಲ್ಲ. ಗ್ಯಾಲಿಗೋ, ಹ್ಯಾಕ್ಸಾಲ್ ಎಂಬ ಎರಡು ಭಾರಿ ಹಿಟ್ಟಿನ ಗಿರಣಿಗಳು ಊರೊಳಗೇ ಇದ್ದವು. ಯುದ್ಧಕ್ಕೆ ಮುಂಚೆ ಬ್ರೆಜಿಲ್‌ಗೆ ಹಡಗುಗಟ್ಟಲೆ ಹಿಟ್ಟು ಕಳಿಸುತ್ತಿದ್ದ ಊರು ಇದು. ಕೊರತೆ ಇದ್ದದ್ದು ಸಾಗಣೆಯಲ್ಲಿ.

ಊರಿನ ಪಶ್ಚಿಮಕ್ಕೆ ಕೆಂಪು ಜೇಡಿ, ಪೂರ್ವಕ್ಕೆ ಮರಳು ಬೆರೆತ ತಗ್ಗು ನೆಲ, ಜೌಗು. ಜೇಡಿಮಣ್ಣಿನ ರಸ್ತೆ ರಾತ್ರಿ ಹೆಪ್ಪುಗಟ್ಟಿದಾಗ ಕಲ್ಲಿನಂತಿರುತ್ತದೆ. ಬಿಸಿಲೇರಿದೊಡನೆ ಮೇಲಿನ ಒಂದು ಗೇಣು ಕರಗುತ್ತದೆ, ಅದರ ಕೆಳಗಿನದು ಇನ್ನೂ ಗಟ್ಟಿ. ನೀರು ಇಳಿಯಲು ದಾರಿಯಿಲ್ಲದೆ ಮೇಲಿನ ಪದರ ಅಂಬಲಿಯಾಗುತ್ತದೆ. ಗಾಡಿಯ ಚಕ್ರ ಗುಂಬದವರೆಗೆ ಹೂತುಕೊಳ್ಳುತ್ತದೆ. ಬಲ್ಲ ಗಾಡಿಯವರು ಬೆಳಗಿನ ಜಾವ ಹೊರಟು ಹತ್ತು ಗಂಟೆಯೊಳಗೆ ನಿಲ್ಲಿಸುತ್ತಿದ್ದರು. ತಗ್ಗಿನಲ್ಲಿ ಮರದ ದಿಮ್ಮಿಗಳನ್ನು ರಸ್ತೆಗೆ ಅಡ್ಡಡ್ಡ ಜೋಡಿಸಿ ಮೇಲೆ ಮಣ್ಣು ಹಾಕುವ ಉಪಾಯವೂ ಇತ್ತು. ಸುರಿಮಳೆಗೆ ಮಣ್ಣು ಕೊಚ್ಚಿಹೋದರೆ ದಿಮ್ಮಿಗಳ ಸಂದಿಯಲ್ಲಿ ಕುದುರೆಯ ಕಾಲು ಸಿಕ್ಕಿ ಮುರಿಯುತ್ತಿತ್ತು.

ರೈಲು ಇರಲಿಲ್ಲವೇ ಅಂದರೆ, ಐದು ಕಂಪನಿಗಳ ರೈಲು ಊರಿಗೆ ಬರುತ್ತಿತ್ತು. ಬಂದು ಊರಿನ ಬೇರೆ ಬೇರೆ ಮೂಲೆಗಳಲ್ಲಿ ನಿಲ್ಲುತ್ತಿತ್ತು. ಹಳಿಗಳ ಅಗಲವೂ ಎಲ್ಲ ಕಡೆ ಒಂದೇ ಅಲ್ಲ: ಡ್ಯಾನ್‌ವಿಲ್ ಮಾರ್ಗದ್ದು ಐದು ಅಡಿ, ಪೀಟರ್ಸ್‌ಬರ್ಗ್ ಮಾರ್ಗದ್ದು ನಾಲ್ಕು ಅಡಿ ಎಂಟೂವರೆ ಇಂಚು. ಒಂದು ನಿಲ್ದಾಣದಲ್ಲಿ ಮೂಟೆ ಇಳಿಸಿ, ಗಾಡಿಗೆ ಹೇರಿ, ಕೆಸರಿನ ಬೀದಿಯಲ್ಲಿ ಎಳೆದು ಇನ್ನೊಂದು ನಿಲ್ದಾಣಕ್ಕೆ ಮುಟ್ಟಿಸಬೇಕು. ಕುದುರೆಗಳು ಸೈನ್ಯಕ್ಕೆ ಹೋಗಿದ್ದವು, ಹಳಿ ಸವೆದರೆ ಹೊಸದು ಬರುತ್ತಿರಲಿಲ್ಲ, ಟ್ರೆಡಿಗರ್ ಕಾರ್ಖಾನೆಯ ಕಬ್ಬಿಣವೆಲ್ಲ ತೋಪುಗಳಿಗೆ.

ಇದರ ಮೇಲೆ ಸರ್ಕಾರದ ಜಪ್ತಿ. ಸೈನ್ಯಕ್ಕೆಂದು ಅಧಿಕಾರಿಗಳು ದಾರಿಯಲ್ಲೇ ಗಾಡಿ ನಿಲ್ಲಿಸಿ ತಾವು ಗೊತ್ತುಮಾಡಿದ ದರಕ್ಕೆ ಧಾನ್ಯ ತೆಗೆದುಕೊಳ್ಳುತ್ತಿದ್ದರು. 1862ರಲ್ಲಿ ಊರಿನ ಸೇನಾ ಆಡಳಿತ ನೋಡುತ್ತಿದ್ದ ಜನರಲ್ ಜಾನ್ ವಿಂಡರ್ ಸಂತೆಯ ಪದಾರ್ಥಗಳಿಗೆ ಬೆಲೆ ಮಿತಿ ಹಾಕಿದಾಗ ರೈತರು ಊರಿಗೆ ಬರುವುದನ್ನೇ ಬಿಟ್ಟರು, ಮಿತಿಯನ್ನು ಹಿಂತೆಗೆಯಬೇಕಾಯಿತು. ರೈತನ ಲೆಕ್ಕ ಸರಳ: ಕೆಸರಲ್ಲಿ ಎತ್ತು ಕಳೆದುಕೊಳ್ಳುವ ಭಯ ಒಂದು ಕಡೆ, ಧಾನ್ಯ ಕಳೆದುಕೊಳ್ಳುವ ಭಯ ಇನ್ನೊಂದು ಕಡೆ. ಯಾರು ಹೊರಡುತ್ತಾರೆ?

ಒಂದು ಮನೆಗೆ ವಾರಕ್ಕೆ ಎಷ್ಟು ಖರ್ಚಾಗುತ್ತಿತ್ತು?

1863ರ ಜನವರಿ ಕೊನೆಯಲ್ಲಿ ರಿಚ್‌ಮಂಡ್‌ನ ಪತ್ರಿಕೆಯೊಂದು ಒಂದು ಸಣ್ಣ ಸಂಸಾರದ ವಾರದ ದಿನಸಿಯನ್ನು ಲೆಕ್ಕ ಹಾಕಿ ಪ್ರಕಟಿಸಿತು. 1860ರಲ್ಲಿ 6 ಡಾಲರ್ 55 ಸೆಂಟ್ ಆಗುತ್ತಿದ್ದ ಅದೇ ಸಾಮಾನು 1863ರಲ್ಲಿ 68 ಡಾಲರ್ 25 ಸೆಂಟ್. ಹತ್ತು ಪೌಂಡ್ ಹಂದಿಮಾಂಸ ಒಂದೂಕಾಲು ಡಾಲರಿನಿಂದ ಹತ್ತಕ್ಕೆ, ನಾಲ್ಕು ಪೌಂಡ್ ಕಾಫಿ ಅರ್ಧ ಡಾಲರಿನಿಂದ ಇಪ್ಪತ್ತಕ್ಕೆ, ಐದು ಪೌಂಡ್ ಸೋಪು ಅರ್ಧ ಡಾಲರಿನಿಂದ ಐದೂವರೆಗೆ. ಗೋಧಿ ಹಿಟ್ಟು ಮಾತ್ರ ಅಷ್ಟು ಏರಿರಲಿಲ್ಲ: ಮೂವತ್ತು ಪೌಂಡಿಗೆ ಒಂದೂವರೆಯಿಂದ ಮೂರು ಮುಕ್ಕಾಲು ಡಾಲರ್. ಹೊರಗಿನಿಂದ ಬರುವುದು ನಲವತ್ತು ಪಟ್ಟು ಏರಿತು, ಸುತ್ತಲೇ ಬೆಳೆಯುವುದು ಎರಡೂವರೆ ಪಟ್ಟು. ಉತ್ತರದವರು ದಕ್ಷಿಣದ ಬಂದರುಗಳಿಗೆ ಹಾಕಿದ್ದ ಹಡಗು ದಿಗ್ಬಂಧನಕ್ಕೂ ಊರ ರಸ್ತೆಗೂ ಇರುವ ವ್ಯತ್ಯಾಸ ಈ ಒಂದು ಪಟ್ಟಿಯಲ್ಲೇ ಕಾಣುತ್ತದೆ.

ಹಿಟ್ಟಿನ ಭಾಗ್ಯವೂ ಬಹಳ ದಿನ ಉಳಿಯಲಿಲ್ಲ. 1865ರ ಜನವರಿಯಲ್ಲಿ 196 ಪೌಂಡಿನ ಒಂದು ಪೀಪಾಯಿ ಹಿಟ್ಟಿಗೆ ಸಾವಿರ ಡಾಲರ್ ಆಗಿತ್ತು.

1863ರ ಬ್ರೆಡ್ ಗಲಭೆಗೆ ಹಿಮ ಕಾರಣವಂತೆ, ಹೌದಾ?

ಕಾರಣಗಳಲ್ಲಿ ಒಂದು. ಆ ಮಾರ್ಚ್ ಉತ್ತರಾರ್ಧದಲ್ಲಿ ಭಾರಿ ಹಿಮ ಬಿದ್ದು, ಕೂಡಲೇ ಕರಗಿತು. ರಸ್ತೆಗಳು ಕೆಸರಾಗಿ ಸಂತೆಗೆ ಬರುವ ಅಲ್ಪಸ್ವಲ್ಪವೂ ನಿಂತಿತು. ಅದೇ ವಾರ, ಮಾರ್ಚ್ 26ರಂದು, ಜಪ್ತಿಯನ್ನು ಕಾನೂನುಬದ್ಧ ಮಾಡುವ ಕಾಯ್ದೆ ಬಂತು. ಹಿಮ ವರ್ಷವರ್ಷವೂ ಬೀಳುತ್ತದೆ. ಅದರ ಜೊತೆ ಜಪ್ತಿ, ದುಬಾರಿ, ಮೂರು ಪಟ್ಟಾದ ಜನ ಸೇರಿದ್ದರಿಂದ ಅದು ಗಲಭೆಯವರೆಗೆ ಹೋಯಿತು.

ಏಪ್ರಿಲ್ 1ರಂದು ಆರಿಗನ್ ಹಿಲ್ ಬಡಾವಣೆಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹೆಂಗಸರ ಸಭೆ ನಡೆಯಿತು. ಮುಂದಾಳು ಮೇರಿ ಜಾಕ್ಸನ್, ಸಂತೆಯಲ್ಲಿ ವ್ಯಾಪಾರ ಮಾಡುತ್ತಿದ್ದಾಕೆ. ಮರುದಿನ ಬೆಳಿಗ್ಗೆ ನೂರಾರು ಹೆಂಗಸರು ಗವರ್ನರ್ ಜಾನ್ ಲೆಚರ್ ಬಳಿ ಹೋಗಿ, ಅಲ್ಲಿ ಸಮಾಧಾನ ಸಿಗದೆ, ಕೊಡಲಿ ಕತ್ತಿ ಹಿಡಿದು ಅಂಗಡಿ ಬೀದಿಗೆ ನುಗ್ಗಿದರು. ಹಿಟ್ಟು, ಹಂದಿಮಾಂಸ, ಜೋಡುಗಳು ಹೋದವು. ಮೇಯರ್ ಜೋಸೆಫ್ ಮೇಯೋ ಗಲಭೆ ಕಾಯ್ದೆ (ಚದುರಿ ಹೋಗಿ ಎಂಬ ಕಾನೂನಿನ ಎಚ್ಚರಿಕೆ) ಓದಿದರು, ಡೇವಿಸ್ ಸ್ವತಃ ಬಂದು ಚದುರದಿದ್ದರೆ ಗುಂಡು ಹಾರಿಸುವುದಾಗಿ ಹೇಳಿದರು. ಆಮೇಲೆ ನಗರಸಭೆ ಬಡವರಿಗೆ ಚೀಟಿ ಕೊಟ್ಟು ಉಚಿತವಾಗಿ ದಿನಸಿ ಹಂಚುವ ಅಂಗಡಿ ತೆರೆಯಿತು. ಚೀಟಿ "ಯೋಗ್ಯ" ಬಡವರಿಗೆ ಮಾತ್ರ. ಗಲಭೆಯಲ್ಲಿ ಸಿಕ್ಕಿಬಿದ್ದವರಿಗೆ ಇಲ್ಲ.

ಕಾಫಿ ಇಲ್ಲದೆ ಏನು ಕುಡಿಯುತ್ತಿದ್ದರು? ಮಾಡುವ ಬಗೆ ಗೊತ್ತಿದ್ದರೆ ಹೇಳಿ.

ಬ್ರೆಜಿಲ್‌ಗೆ ಹಿಟ್ಟು ಕೊಟ್ಟು ಬಂದ ಹಡಗು ಕಾಫಿ ತುಂಬಿಕೊಂಡು ಬರುತ್ತಿದ್ದ ಊರು, ಹಾಗಾಗಿ ಚಟ ಆಳವಾಗಿತ್ತು. ಬದಲಿಗೆ ರೈ, ಗೋಧಿ, ಮೆಕ್ಕೆಜೋಳ, ಚಿಕೋರಿ, ಬೆಂಡೆಬೀಜ, ಗೆಣಸು, ಓಕ್ ಮರದ ಕಾಯಿ ಹೀಗೆ ಹುರಿಯಬಹುದಾದ ಎಲ್ಲವನ್ನೂ ಹುರಿದು ನೋಡಿದರು.

ಗೆಣಸಿನ ಕಾಫಿ: ಸಿಪ್ಪೆ ತೆಗೆದು ಕಾಫಿಬೀಜದಷ್ಟು ಸಣ್ಣ ತುಂಡು ಮಾಡಿ, ಗಣಗಣ ಅನ್ನುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಕಡುಕಂದು ಆಗುವಂತೆ ಹುರಿದು ಪುಡಿ ಮಾಡಬೇಕು. ಒಣಗುವುದು ಅರೆಬರೆಯಾದರೆ ಹೊರಗೆ ಸುಟ್ಟು ಒಳಗೆ ಮೆತ್ತಗೆ ಉಳಿದು ಪುಡಿಯೇ ಆಗುವುದಿಲ್ಲ. ಮೋಡ ಕವಿದ ವಾರದಲ್ಲಿ ಕೈಹಾಕಬಾರದು. ಓಕ್ ಕಾಯಿಯದು ಬೇರೆ ರೀತಿ: ಚಿಪ್ಪಿನ ಸಮೇತ ತೊಳೆದು ಒಣಗಿಸಿ, ಬಾಯಿ ಬಿಡುವವರೆಗೆ ಬಿಸಿ ಮಾಡಿ, ಚಿಪ್ಪು ತೆಗೆದು, ಚೂರು ಹಂದಿಕೊಬ್ಬು ಹಾಕಿ ಹುರಿಯುವುದು. 1863ರಲ್ಲಿ ರಿಚ್‌ಮಂಡ್‌ನಲ್ಲೇ ಅಚ್ಚಾದ ಪುಸ್ತಿಕೆಯೊಂದು ಇದನ್ನು ಸೊಗಸಾದ ಕಾಫಿ ಎಂದು ಹೊಗಳುತ್ತದೆ. ನಂಬಬೇಕಿಲ್ಲ, ಒಗರು ಹೋಗುವುದಿಲ್ಲ. ಕೆನೆಗೆ ಬದಲು ಮೊಟ್ಟೆಯ ಬಿಳಿ ಭಾಗವನ್ನು ನೊರೆ ಬರುವಂತೆ ಕಡೆದು, ಚಿಟಿಕೆಯಷ್ಟು ಬೆಣ್ಣೆ ಸೇರಿಸಿ, ಅದರ ಮೇಲೆ ಬಿಸಿ ಕಾಫಿಯನ್ನು ಸ್ವಲ್ಪಸ್ವಲ್ಪವಾಗಿ ಹುಯ್ಯಬೇಕು. ಒಮ್ಮೆಲೇ ಸುರಿದರೆ ಒಡೆಯುತ್ತದೆ. ಇವು ಯಾವುದರಲ್ಲೂ ಕೆಫೀನ್ ಇಲ್ಲ, ಹಾಗಾಗಿ ಬಣ್ಣ ಕಾಫಿಯದಾದರೂ ತಲೆನೋವು ಹೋಗುತ್ತಿರಲಿಲ್ಲ.

ಉಪ್ಪಿಗೆ ಯಾಕೆ ಅಷ್ಟೊಂದು ಒದ್ದಾಟ? ಊಟಕ್ಕೆ ಎಷ್ಟು ತಾನೇ ಬೇಕು?

ಊಟಕ್ಕಲ್ಲ, ಮಾಂಸ ಕೆಡದಂತೆ ಇಡುವುದಕ್ಕೆ. ವರ್ಷದ ಹಂದಿಮಾಂಸವನ್ನೆಲ್ಲ ಚಳಿಗಾಲದ ಶುರುವಿನಲ್ಲಿ ಒಂದೇ ಸಲ ಕಡಿದು ಉಪ್ಪು ಹಾಕಿ ಹೊಗೆಕೋಣೆಯಲ್ಲಿ ತೂಗುಹಾಕುವ ಪದ್ಧತಿ. ನೂರು ಪೌಂಡ್ ಮಾಂಸಕ್ಕೆ ಸುಮಾರು ಎಂಟು ಪೌಂಡ್ ಉಪ್ಪು ಬೇಕು. ನೈಋತ್ಯ ವರ್ಜೀನಿಯಾದ ಸಾಲ್ಟ್‌ವಿಲ್‌ನಲ್ಲಿ ಉಪ್ಪುನೀರಿನ ಬಾವಿಗಳಿದ್ದವು. ಅಲ್ಲಿಂದ ರಿಚ್‌ಮಂಡ್‌ಗೆ ತರಲು ಮತ್ತೆ ಅದೇ ರೈಲಿನ ಗೋಳು.

ಇಲ್ಲಿ ಹವೆಯೇ ಯಜಮಾನ. ಕಡಿಯುವ ದಿನದಿಂದ ಉಪ್ಪು ಮೂಳೆಯವರೆಗೆ ಇಳಿಯುವ ತನಕ ಚಳಿ ಸೊನ್ನೆಯಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಅದಕ್ಕಿಂತ ಬೆಚ್ಚಗಾದರೆ ಮೂಳೆಯ ಸುತ್ತ ಮೊದಲು ಹುಳಿ ವಾಸನೆ ಬಂದು ಇಡೀ ತೊಡೆ ಕೆಡುತ್ತದೆ, ಹೊರಗೆ ಮಾತ್ರ ಚೆನ್ನಾಗೇ ಕಾಣುತ್ತಿರುತ್ತದೆ. ಮಾಂಸ ಹೆಪ್ಪುಗಟ್ಟುವಷ್ಟು ಚಳಿಯಾದರೆ ಉಪ್ಪು ಒಳಗೇ ಹೋಗುವುದಿಲ್ಲ. ಡಿಸೆಂಬರಿನಲ್ಲಿ ಒಂದು ವಾರ ಬೆಚ್ಚನೆಯ ತೆಂಕಣ ಗಾಳಿ ಬೀಸಿದರೆ ಹಂದಿ ಕಡಿಯುವುದನ್ನು ಮುಂದೂಡುತ್ತಿದ್ದರು; ಮುಂದೂಡಿದಷ್ಟು ದಿನ ಹಂದಿಗೆ ಮೆಕ್ಕೆಜೋಳ ಹಾಕಬೇಕು.

ಉಪ್ಪು ಸಿಗದವರು ಹಳೆಯ ಹೊಗೆಕೋಣೆಯ ನೆಲ ಅಗೆದರು. ವರ್ಷಗಟ್ಟಲೆ ಮಾಂಸದಿಂದ ತೊಟ್ಟಿಕ್ಕಿದ ಉಪ್ಪುನೀರು ಆ ಮಣ್ಣಿನಲ್ಲಿತ್ತು. ಮಣ್ಣನ್ನು ಕೊಳಗದಲ್ಲಿ ತುಂಬಿ, ಮೇಲೆ ನೀರು ಹಾಕಿ, ಕೆಳಗೆ ಬಸಿದದ್ದನ್ನು ಕುದಿಸಿ ನೊರೆ ತೆಗೆದು ಇಂಗಿಸಿದರೆ ಕಂದು ಬಣ್ಣದ ಉಪ್ಪು ಉಳಿಯುತ್ತದೆ. ಮಾಂಸಕ್ಕೂ ದನಕ್ಕೂ ಸಾಕು; ಬಡಿಸುವ ಎಲೆಗೆ ಅಲ್ಲ.

ಬಟ್ಟೆ ಒಗೆಯಲು ಸೋಪು ಮನೆಯಲ್ಲೇ ಮಾಡುತ್ತಿದ್ದರಾ?

ಹೌದು, ಮತ್ತು ಅದಕ್ಕೂ ಮಳೆ ಬೇಕಿತ್ತು. ಹಿಕರಿ, ಓಕ್‌ನಂಥ ಗಟ್ಟಿ ಮರದ ಬೂದಿಯನ್ನು ತಳಕ್ಕೆ ಹುಲ್ಲು ಹಾಸಿದ ಮರದ ತೊಟ್ಟಿಯಲ್ಲಿ ತುಂಬಿ, ಹಿಡಿದಿಟ್ಟ ಮಳೆನೀರನ್ನು ನಿಧಾನವಾಗಿ ಹಾಕುತ್ತಿದ್ದರು. ಬಾವಿಯ ಗಡಸು ನೀರಾದರೆ ಸೋಪು ಒಡೆಯುತ್ತದೆ. ತಳದಿಂದ ಇಳಿದ ಕ್ಷಾರದಲ್ಲಿ ಮೊಟ್ಟೆ ತೇಲಿ ಚೂರು ತಲೆ ಎತ್ತಿದರೆ ಹದ. ಮುಳುಗಿದರೆ ಅದೇ ನೀರನ್ನು ಮತ್ತೊಮ್ಮೆ ಬೂದಿಯ ಮೂಲಕ ಹಾಯಿಸಬೇಕು. ಆಮೇಲೆ ಅಡುಗೆಮನೆಯ ಕೊಬ್ಬಿನ ಜೊತೆ ಕುದಿಸುವುದು. ಬೂದಿಯ ಕ್ಷಾರದಲ್ಲಿ ಪೊಟ್ಯಾಸಿಯಂ ಇರುವುದರಿಂದ ಸಿಗುವುದು ಮೆತ್ತನೆಯ ಕಂದು ಲೋಳೆ. ಗಟ್ಟಿ ಬಿಲ್ಲೆ ಬೇಕಾದರೆ ಕೊನೆಗೆ ಉಪ್ಪು ಹಾಕಬೇಕು. ಉಪ್ಪಿಲ್ಲದ ಊರಿನಲ್ಲಿ ಎಲ್ಲರ ಮನೆಯಲ್ಲೂ ಪೀಪಾಯಿ ಲೋಳೆಯೇ.

ಚಳಿಗೆ ಒಲೆ, ರಾತ್ರಿಗೆ ದೀಪ: ಇವು ಹೇಗೆ ನಡೆಯುತ್ತಿದ್ದವು?

ಸೌದೆಯನ್ನು ಕಾರ್ಡ್ ಲೆಕ್ಕದಲ್ಲಿ ಮಾರುತ್ತಿದ್ದರು: ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ಒಟ್ಟಲು. ಊರ ಸುತ್ತಲ ಕಾಡನ್ನು ಸೈನ್ಯಗಳು ಕೋಟೆಗೂ ಬೆಂಕಿಗೂ ಕಡಿದು ಮುಗಿಸಿದ್ದರಿಂದ ಸೌದೆ ದೂರದಿಂದ ಬರಬೇಕು. ಬಂದದ್ದು ಹಸಿ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಉರಿಯ ಶಾಖವೆಲ್ಲ ಅದನ್ನು ಆವಿ ಮಾಡುವುದರಲ್ಲೇ ಕಳೆಯುತ್ತದೆ. ಚಿಮಣಿಯೊಳಗೆ ಕರಿ ಜಿಗಟು ಕಟ್ಟಿ, ಒಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಆರು ತಿಂಗಳು ಒಣಗಿಸಲು ಯಾರ ಬಳಿಯೂ ಮುಂಗಡ ದುಡ್ಡಿರಲಿಲ್ಲ. ನದಿಯಾಚೆ ಮಿಡ್ಲೋಥಿಯನ್‌ನಲ್ಲಿ ಕಲ್ಲಿದ್ದಲ ಗಣಿಗಳಿದ್ದವು. ಮೊದಲ ಪಾಲು ಕಾರ್ಖಾನೆಗಳಿಗೆ. ಜಮಖಾನೆಗಳನ್ನು ಕತ್ತರಿಸಿ ಸೈನಿಕರಿಗೆ ಕಂಬಳಿ ಮಾಡಿ ಕಳಿಸಿದ್ದರಿಂದ ಅನುಕೂಲಸ್ಥರ ಮನೆಯ ನೆಲವೂ ಬರಿದಾಗಿತ್ತು.

ಊರಿನಲ್ಲಿ ಗ್ಯಾಸ್ ದೀಪಗಳಿದ್ದವು, ಕಲ್ಲಿದ್ದಲು ಇರುವಷ್ಟು ದಿನ. ಉಳಿದವರಿಗೆ ಸುತ್ತುಬತ್ತಿ: ಒಂದು ಪೌಂಡ್ ಜೇನುಮೇಣಕ್ಕೆ ಕಾಲು ಪೌಂಡ್ ರಾಳ ಕರಗಿಸಿ, ಸಡಿಲವಾಗಿ ನೂತ ಮೂರೆಳೆ ಹತ್ತಿದಾರವನ್ನು ಮೂವತ್ತು ನಲವತ್ತು ಗಜ ಅದರಲ್ಲಿ ಅದ್ದಿ ಬೆರಳಿನಿಂದ ಒತ್ತಿ ಎಳೆದು, ಆರಿದ ಮೇಲೆ ಬಾಟಲಿಗೆ ಸುತ್ತಿಡುವುದು. ತುದಿಯನ್ನು ನಾಲ್ಕು ಬೆರಳು ಬಿಚ್ಚಿ ಹೊತ್ತಿಸಬೇಕು, ಉರಿದಷ್ಟೂ ಬಿಚ್ಚುತ್ತಿರಬೇಕು. ಕಣ್ಣು ತಪ್ಪಿದರೆ ಬೆಂಕಿ ಸುತ್ತಿಗೇ ಇಳಿಯುತ್ತದೆ.

ಬೇಸಿಗೆಯಲ್ಲಿ ಐಸ್ ಸಿಗುತ್ತಿತ್ತಾ?

ಮುಂಚೆ ಉತ್ತರದ ರಾಜ್ಯಗಳಿಂದ ಹಡಗಿನಲ್ಲಿ ಬರುತ್ತಿತ್ತು. ಯುದ್ಧದಲ್ಲಿ ಆ ದಾರಿ ಮುಚ್ಚಿತು. ಕೆರೆಕುಂಟೆ ಹೆಪ್ಪುಗಟ್ಟಿದ ಚಳಿಗಾಲದಲ್ಲಿ ಕೊಯ್ದು ಮರದ ಹೊಟ್ಟಿನಲ್ಲಿ ಹೂತಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಯಾವ ಕಾಲದಲ್ಲಿ ಯಾವ ಕಾಯಿಲೆ? ಮದ್ದು ಇತ್ತಾ?

ಚಳಿಗಾಲದಲ್ಲಿ ಜನ ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಸೇರಿದಾಗ ಸಿಡುಬು, ನ್ಯುಮೋನಿಯಾ. 1862–63ರ ಚಳಿಗಾಲದಲ್ಲಿ ಸಿಡುಬು ಜೋರಾಗಿ, ಸೋಂಕಿದ ಮನೆಯ ಮುಂದೆ ಬಿಳಿ ಬಾವುಟ ಕಟ್ಟುವ ಕ್ರಮ ಬಂತು. ಬೇಸಿಗೆಯಲ್ಲಿ ಟೈಫಾಯ್ಡ್, ಭೇದಿ, ಜೌಗಿನ ಕಡೆಯಿಂದ ಮಲೇರಿಯಾ. 1862ರ ಜೂನ್ ಕೊನೆಯ ಏಳು ದಿನಗಳ ಕದನದ ನಂತರ ಗಾಯಾಳುಗಳು ಆ ಸೆಕೆಯಲ್ಲಿ ಬಂದು ತುಂಬಿದಾಗ ಊರಿಡೀ ದುರ್ನಾತ. ಚಿಂಬೊರಾಜೋ ಆಸ್ಪತ್ರೆಯನ್ನು ಗುಡ್ಡದ ಮೇಲೆ, ಒಂದಕ್ಕೊಂದು ಅಂಟದ ಸುಣ್ಣ ಬಳಿದ ಮರದ ವಾರ್ಡುಗಳಾಗಿ ಕಟ್ಟಿದ್ದು ಗಾಳಿಗಾಗಿಯೇ. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 75,000 ರೋಗಿಗಳು ಅಲ್ಲಿ ದಾಖಲಾಗಿದ್ದರು.

ಕ್ವಿನೈನ್ ಕಳ್ಳದಾರಿಯಿಂದ ಬರಬೇಕಿತ್ತು. ಸರ್ಜನ್ ಜನರಲ್ ಸ್ಯಾಮುಯೆಲ್ ಮೂರ್ ಅವರ ಕಚೇರಿ ಸೂಚಿಸಿದ ಬದಲಿ: ಒಣಗಿಸಿದ ಡಾಗ್‌ವುಡ್ ತೊಗಟೆ 30 ಪಾಲು, ಪಾಪ್ಲರ್ ತೊಗಟೆ 30 ಪಾಲು, ವಿಲ್ಲೋ ತೊಗಟೆ 40 ಪಾಲು, ಈ ಮಿಶ್ರಣ ಎರಡು ಪೌಂಡಿಗೆ ಒಂದು ಗ್ಯಾಲನ್ ವಿಸ್ಕಿ, ಹದಿನಾಲ್ಕು ದಿನ ನೆನೆಸುವುದು, ದಿನಕ್ಕೆ ಮೂರು ಸಲ ಒಂದೊಂದು ಔನ್ಸ್. ವಿಲ್ಲೋದಲ್ಲಿರುವ ಸ್ಯಾಲಿಸಿನ್ ಜ್ವರ ಇಳಿಸುತ್ತದೆ, ಮಲೇರಿಯಾ ಪರಾವಲಂಬಿಯನ್ನು ಕೊಲ್ಲುವುದಿಲ್ಲ. ಹಾಗಾಗಿ ಎರಡು ದಿನ ಹಾಯೆನಿಸಿ ಮತ್ತೆ ನಡುಕ. ವಿಸ್ಕಿಯ ಕಾರಣಕ್ಕೆ ಬೇಡಿಕೆ ಮಾತ್ರ ಕುಗ್ಗಲಿಲ್ಲ ಅಂತ ಊಹಿಸಬಹುದು.

ಗುಲಾಮಗಿರಿಯಲ್ಲಿದ್ದವರಿಗೆ ಚಳಿಗಾಲ ಹೇಗಿರುತ್ತಿತ್ತು? ಡೈರಿಗಳಲ್ಲಿ ಅವರೇ ಕಾಣುವುದಿಲ್ಲ.

ಕಾಣುವುದಿಲ್ಲ, ಯಾಕೆಂದರೆ ಸೌದೆ ಒಡೆದವರು ಡೈರಿ ಬರೆಯಲಿಲ್ಲ. ಮೇಲೆ ಹೇಳಿದ ಬೂದಿ ತೊಟ್ಟಿ, ಹಂದಿ ಕಡಿತ, ನೀರು ಹೊರುವುದು ಬಹುಪಾಲು ಇವರ ಕೈಯ ಕೆಲಸ. ನಗರದಲ್ಲಿ ಗುಲಾಮರನ್ನು ವರ್ಷದ ಲೆಕ್ಕಕ್ಕೆ ಬಾಡಿಗೆಗೆ ಕೊಡುತ್ತಿದ್ದರು. ಒಪ್ಪಂದ ಜನವರಿ 1ರಿಂದ ಕ್ರಿಸ್ಮಸ್‌ವರೆಗೆ, ಅಂದರೆ ಮನೆ ಬದಲಿಸುವುದು ಸರಿಯಾಗಿ ಕೊರೆವ ಚಳಿಯಲ್ಲಿ. ಬಟ್ಟೆ, ಜೋಡು, ಟೊಪ್ಪಿ, ಕಂಬಳಿ ಕೊಡಬೇಕೆಂದು ಒಪ್ಪಂದದಲ್ಲಿ ಇರುತ್ತಿತ್ತು. ಬಟ್ಟೆ ದುಬಾರಿಯಾದಂತೆ ಮೊದಲು ಕತ್ತರಿ ಬಿದ್ದದ್ದು ಅದಕ್ಕೇ. ಊರ ಸುತ್ತಲಿನ ಕಂದಕ ತೋಡಲು ಸರ್ಕಾರ ಹಳ್ಳಿಗಳಿಂದ ಗುಲಾಮರನ್ನು ಜಪ್ತಿ ಮಾಡಿ ತರಿಸಿತು. ಚಳಿಗಾಲದ ನೀರು ನಿಂತ ಗುಂಡಿಯಲ್ಲಿ ನಿಂತು ಅಗೆದವರು ಇವರು.

## ಇನ್ನೂ ಆಳಕ್ಕೆ ಹೋಗುವವರಿಗೆ

ತೋಪಿನ ಸದ್ದಿಗೆ ಮಳೆ ಬರುತ್ತೆ ಅಂತ ಸೈನಿಕರು ಬರೆದಿದ್ದಾರೆ. ನಿಜವಾ?

ಅಲ್ಲ, ಆದರೆ ನಂಬಿಕೆ ಬೆಳೆದದ್ದು ಸಹಜ. ವರ್ಜೀನಿಯಾದಲ್ಲಿ ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಮಳೆ ಬರುವುದು ವಾಡಿಕೆ. ಸೇನೆಗಳು ನೆಲ ಒಣಗಿದಾಗ ಮಾತ್ರ ಹೊರಡುತ್ತವೆ, ಹೊರಟು ಒಂದೆರಡು ದಿನಕ್ಕೆ ಕದನ, ಅಷ್ಟರಲ್ಲಿ ಮುಂದಿನ ಮಳೆಯ ಸರದಿ. 1862ರ ಜುಲೈ 1ರ ಮ್ಯಾಲ್ವರ್ನ್ ಹಿಲ್ ಕದನದ ಮಾರನೆಯ ದಿನ ಧಾರಾಕಾರ ಸುರಿದಾಗ ಎಲ್ಲರಿಗೂ ಖಾತ್ರಿಯಾಯಿತು. ಈ ನಂಬಿಕೆ ಎಷ್ಟು ಗಟ್ಟಿಯೆಂದರೆ 1891ರಲ್ಲಿ ಅಮೆರಿಕದ ಸರ್ಕಾರವೇ ದುಡ್ಡು ಕೊಟ್ಟು ಟೆಕ್ಸಸ್‌ನಲ್ಲಿ ಸಿಡಿಮದ್ದು ಸಿಡಿಸಿ ಮಳೆ ತರಿಸಲು ನೋಡಿತು. ಬರಲಿಲ್ಲ.

ಮಳೆಯಿಂದ ಕದನದ ದಿಕ್ಕೇ ಬದಲಾದದ್ದು ಉಂಟಾ?

ಸ್ಪಷ್ಟ ಉದಾಹರಣೆ 1862ರ ಮೇ 30ರ ರಾತ್ರಿ. ಸಿಡಿಲು ಮಳೆಗೆ ಊರ ಪಕ್ಕದ ಚಿಕಹಾಮಿನಿ ಹೊಳೆ ಉಕ್ಕಿ, ಯೂನಿಯನ್ (ಉತ್ತರದವರ) ಸೈನ್ಯದ ಒಂದು ಭಾಗ ದಕ್ಷಿಣ ದಂಡೆಯಲ್ಲಿ ಒಂಟಿಯಾಯಿತು. ಅದನ್ನು ಮುರಿಯಲೆಂದು ಕನ್ಫೆಡರೇಟ್ ಸೇನಾಪತಿ ಜೋಸೆಫ್ ಜಾನ್‌ಸ್ಟನ್ ಮರುದಿನ ಸೆವೆನ್ ಪೈನ್ಸ್‌ನಲ್ಲಿ ದಾಳಿ ಮಾಡಿದರು. ಅದೇ ಕೆಸರು ಅವರ ಪಡೆಗಳನ್ನೂ ತಡಮಾಡಿತು, ಅಷ್ಟರಲ್ಲಿ ಅರ್ಧ ತೇಲುತ್ತಿದ್ದ ದಿಮ್ಮಿ ಸೇತುವೆಯ ಮೇಲೆ ಯೂನಿಯನ್ ಜನರಲ್ ಸಮ್ನರ್ ಅವರ ದಳ ದಾಟಿ ಬಂತು. ಜಾನ್‌ಸ್ಟನ್ ಗಾಯಗೊಂಡರು, ಮರುದಿನ ಅಧಿಕಾರ ರಾಬರ್ಟ್ ಲೀ ಕೈಗೆ ಹೋಯಿತು.

ಇನ್ನೊಂದು ಪ್ರಸಂಗ ಕಡಿಮೆ ಜನಕ್ಕೆ ಗೊತ್ತು. 1864ರ ಮಾರ್ಚ್ ಮೊದಲಿಗೆ ಯೂನಿಯನ್ ಕರ್ನಲ್ ಅಲ್ರಿಕ್ ಡಾಲ್‌ಗ್ರೆನ್ ರಿಚ್‌ಮಂಡ್ ಮೇಲೆ ದಾಳಿಗೆ ಬಂದಾಗ ದಾರಿ ತೋರಿಸಿದ್ದು ಮಾರ್ಟಿನ್ ರಾಬಿನ್ಸನ್ ಎಂಬ ಕಪ್ಪು ವರ್ಣದ ಗಾರೆ ಕೆಲಸಗಾರ. ಹೊಳೆ ದಾಟಬಹುದೆಂದು ಅವನು ಹೇಳಿದ್ದ ಕಡೆ ಮಳೆಗೆ ಜೇಮ್ಸ್ ತುಂಬಿ ಹರಿಯುತ್ತಿತ್ತು. ಮೋಸ ಮಾಡಿದ ಎಂದು ಡಾಲ್‌ಗ್ರೆನ್ ಅವನನ್ನು ಅಲ್ಲೇ ಮರಕ್ಕೆ ನೇಣು ಹಾಕಿಸಿದ. ನದಿಯ ಮಟ್ಟ ಬಿಟ್ಟರೆ ಬೇರೆ ತಪ್ಪೇನೂ ಕಾಣುವುದಿಲ್ಲ.

1864ರಲ್ಲಿ ಬರ ಬಿತ್ತಾ?

ಜೂನ್ ಮೊದಲ ವಾರದಿಂದ ಜುಲೈ ಮೂರನೇ ವಾರದವರೆಗೆ ರಿಚ್‌ಮಂಡ್–ಪೀಟರ್ಸ್‌ಬರ್ಗ್ ಕಡೆ ಹೇಳಿಕೊಳ್ಳುವಂಥ ಮಳೆ ಇಲ್ಲ. ಜನ ಹಿತ್ತಿಲಲ್ಲಿ ಹಾಕಿದ್ದ ಕೋಸು, ಟೊಮೇಟೊ, ಹುರುಳಿಕಾಯಿ ಒಣಗಿದವು. ಸಂಬಳ ನೆಚ್ಚಿಕೊಳ್ಳಲಾಗದ ಗುಮಾಸ್ತರಿಗೆ ಹಿತ್ತಿಲೇ ಆಧಾರವಾಗಿತ್ತು. ದಂಡು ನಡೆದಲ್ಲೆಲ್ಲ ಧೂಳಿನ ಗೋಡೆ ಎದ್ದು ಮೈಲುಗಟ್ಟಲೆ ದೂರಕ್ಕೆ ಸುಳಿವು ಕೊಡುತ್ತಿತ್ತು.

1865ರ ಜನವರಿ ಪ್ರವಾಹದಿಂದ ಏನಾಯಿತು?

ಜೇಮ್ಸ್ ಉಕ್ಕಿ ನದಿಯಲ್ಲಿ ಹಾಕಿದ್ದ ಅಡೆತಡೆಗಳು ಸಡಿಲವಾದವು. ಅದನ್ನು ನೋಡಿ ಕನ್ಫೆಡರೇಟರ ಕಬ್ಬಿಣದ ಹೊದಿಕೆಯ ಹಡಗುಗಳು ಜನವರಿ 23ರಂದು ಕೆಳಗಿಳಿದು ಟ್ರೆಂಟ್ಸ್ ರೀಚ್ ಬಳಿ ನೆಲಕ್ಕೆ ಸಿಕ್ಕಿಕೊಂಡವು. ಊಟದ ದೃಷ್ಟಿಯಿಂದ ದೊಡ್ಡ ಪೆಟ್ಟು ಬೇರೆ: ಡ್ಯಾನ್‌ವಿಲ್‌ನಿಂದ ಗ್ರೀನ್ಸ್‌ಬರೊಗೆ ಹೋಗುವ ಹಳಿ ಮಳೆಗೆ ಕಿತ್ತುಹೋಗಿ, ಕರೊಲಿನಾ ರಾಜ್ಯಗಳಿಂದ ಬರುವ ಧಾನ್ಯ ಕೆಲವು ದಿನ ನಿಂತಿತು. ಆ ಚಳಿಗಾಲದಲ್ಲಿ ಊರಿನ ಯುವಕ ಯುವತಿಯರು "ಹಸಿವಿನ ಪಾರ್ಟಿ" ನಡೆಸುತ್ತಿದ್ದರು. ಕುಣಿತ ಉಂಟು, ಪಿಟೀಲು ಉಂಟು, ಕೊಡುವುದು ಜೇಮ್ಸ್ ನದಿಯ ನೀರು ಮಾತ್ರ. ಮಳೆಯಾದ ವಾರದಲ್ಲಿ ಅದೂ ಕೆಂಪಗೆ.

ಕೊನೆಯ ಬೆಂಕಿ ಅಷ್ಟು ಬೇಗ ಹಬ್ಬಿದ್ದು ಹೇಗೆ?

1865ರ ಏಪ್ರಿಲ್ 2ರ ಭಾನುವಾರ ರಾತ್ರಿ ಸರ್ಕಾರ ಊರು ಬಿಟ್ಟಿತು. ಶತ್ರುವಿಗೆ ಸಿಗಬಾರದೆಂದು ನದಿ ಬದಿಯ ತಂಬಾಕು ಗೋದಾಮುಗಳಿಗೆ ಸೈನ್ಯವೇ ಬೆಂಕಿ ಇಟ್ಟಿತು. ಗೋದಾಮುಗಳು ಊರಿನ ದಕ್ಷಿಣ ಅಂಚಿನಲ್ಲಿ, ಗಾಳಿ ದಕ್ಷಿಣದಿಂದ. ಕಿಡಿಗಳು ನೇರ ಅಂಗಡಿ ಬೀದಿಗೆ. ನೀರಿನ ಕೊಳವೆಗಳನ್ನು ಗುಂಪು ಕತ್ತರಿಸಿತ್ತು, ನಗರಸಭೆಯ ಆದೇಶದಂತೆ ಚರಂಡಿಗೆ ಚೆಲ್ಲಿದ ಮದ್ಯವನ್ನು ಜನ ಮೊಗೆದು ಕುಡಿಯುತ್ತಿದ್ದರು. ಗ್ಯಾಲಿಗೋ ಗಿರಣಿಯೂ ಹೋಯಿತು. 3ರಂದು ಬೆಳಿಗ್ಗೆ ಊರೊಳಗೆ ಬಂದ ಯೂನಿಯನ್ ಸೈನಿಕರು ಕಟ್ಟಡಗಳನ್ನು ಉರುಳಿಸಿ ಖಾಲಿ ಪಟ್ಟಿ ಮಾಡಿ ಬೆಂಕಿಯನ್ನು ಹತೋಟಿಗೆ ತಂದರು.

ಇದಕ್ಕೂ ಧಾರವಾಡದ ಹತ್ತಿಗೂ ಸಂಬಂಧ ಇದೆಯಂತೆ?

ಇದೆ. 1840ರ ದಶಕದಲ್ಲೇ ಹುಬ್ಬಳ್ಳಿ ಬಳಿಯ ಕುಸುಗಲ್‌ನಲ್ಲಿ ಅಮೆರಿಕದ ಹತ್ತಿ ತಳಿ ಬೆಳೆಸಿ ನೋಡಿದ್ದರು, ಅದು ಧಾರವಾಡ ಸೀಮೆಯ ಕಪ್ಪು ನೆಲಕ್ಕೆ ಒಗ್ಗಿತ್ತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಇಂಗ್ಲೆಂಡಿನ ಲ್ಯಾಂಕಶೈರ್ ಬಟ್ಟೆ ಗಿರಣಿಗಳು ನಿಂತಾಗ ಈ ಹತ್ತಿಗೆ ಬಂಗಾರದ ಬೆಲೆ ಬಂತು. ಅಡ್ಡಿಯಾದದ್ದು ಮತ್ತೆ ದಾರಿಯೇ. ಹತ್ತಿ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕು. ಕುಮಟಾ ಬಯಲು ಬಂದರು, ಮುಂಗಾರಿನಲ್ಲಿ ಬಂದ್. ಹಾಗಾಗಿ ಮ್ಯಾಂಚೆಸ್ಟರಿನವರು ಕಾರವಾರವನ್ನು ಬಂದರು ಮಾಡಿ ಎಂದು ಒತ್ತಾಯ ಹಾಕಿದರು, 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿದು ಮುಂಬಯಿಯ ಬ್ಯಾಂಕುಗಳೇ ಮುಳುಗಿದವು.

ಆ ಕಾಲದ ಮೇಲೆ ಕಥೆ ಬರೀತಿದ್ದೇನೆ. ಯಾವ ತಪ್ಪು ಮಾಡಬಾರದು?

ಎಲ್ಲರೂ ಮಾಡುವವು ಇವು. ಗಡಿಯಾರ: ಎಲ್ಲ ಊರಿಗೂ ಒಂದೇ ಸಮಯ ಅಂತ ಇರಲಿಲ್ಲ, ರೈಲ್ವೆಯ ಏಕರೂಪದ ಸಮಯ 1883ರದ್ದು, ರಿಚ್‌ಮಂಡ್‌ನ ಹನ್ನೆರಡು ಅಂದರೆ ಅಲ್ಲಿನ ಸೂರ್ಯ ನೆತ್ತಿಗೆ ಬಂದ ಹೊತ್ತು. ಹವಾ ಮುನ್ಸೂಚನೆ: ಸರ್ಕಾರಿ ಹವಾ ಸೇವೆ 1870ರಲ್ಲಿ ಹುಟ್ಟಿತು, ಅಲ್ಲಿಯವರೆಗೆ ಗಾಳಿ, ಮೋಡ, ಮೊಣಕಾಲು ನೋವು. ಪ್ರತಿ ಕ್ರಿಸ್ಮಸ್‌ಗೂ ಹಿಮ ಸುರಿಸಬೇಡಿ. ಒಣ ಸೌದೆ ಧಗಧಗ ಉರಿಸಬೇಡಿ, ಹೊಗೆ ಹಾಕಿ. ಎಲ್ಲರನ್ನೂ ಒಂದೇ ಸಮ ಹಸಿದಿರಿಸಲೂಬೇಡಿ: ದುಡ್ಡಿದ್ದವರಿಗೆ ಹೋಟೆಲುಗಳಲ್ಲಿ ಕೊನೆಯವರೆಗೂ ಊಟ ಸಿಗುತ್ತಿತ್ತು. ಬೆಲೆ ಬರೆಯುವಾಗ ತಿಂಗಳನ್ನೂ ಬರೆಯಿರಿ, ವರ್ಷ ಮಾತ್ರ ಸಾಲದು.